ಒಣಗಿದ ಗರಿಕೆಗೆ ಹಸಿರು ಬಣ್ಣ: ಪಟ್ಟೆ ಬೀಳದ ಹಾಗೆ ಹೊಡೆಯುವುದು ಹೇಗೆ?

ಚಿಕ್ಕಮಗಳೂರಿನ ಕಡೆ ಜನವರಿ ಮುಗಿಯುತ್ತಾ ಬಂತೆಂದರೆ ಕೆರೆ ನೀರು ಯಾರಿಗೆ ಎಂದು ಕೇಳುವ ಹಾಗೇ ಇಲ್ಲ. ಅದು ಕಾಫಿಗೆ. ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಿಯೇ ಹೂವು ಅರಳಿಸಬೇಕಲ್ವಾ? ನಾನು ನೋಡಿಕೊಳ್ಳುವ ಸಣ್ಣ ಗಾಲ್ಫ್ ಮೈದಾನ ತೋಟದ ನಡುವೆಯೇ ಇದೆ. ಚೆಂಡು ಬೀಳಿಸುವ ಕುಳಿಯಿರುವ ಗ್ರೀನ್‌ಗಳಿಗೆ ಹೇಗೋ ಒಂದಿಷ್ಟು ನೀರು ಸಿಗುತ್ತದೆ. ಚೆಂಡಿಗೆ ಮೊದಲ ಹೊಡೆತ ಕೊಡುವ ಜಾಗಗಳಾದ ಟೀಗಳು ಮತ್ತು ಗ್ರೀನ್‌ಗಳ ಮುಂದಿನ ಜಾಗ ಮಾತ್ರ ಒಣಗಿ ಹುಲ್ಲುಮೆದೆಯ ಬಣ್ಣಕ್ಕೆ ತಿರುಗುತ್ತವೆ. ನಾವು ಬಣ್ಣ ಹೊಡೆಯುವುದು ಅಲ್ಲಿಗೆ.

ಹುಲ್ಲು ಬರ್ಮುಡಾ. ಗಣಪತಿಗೆ ಏರಿಸುವ ಗರಿಕೆಯ ಜಾತಿಯೇ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಈ ಹುಲ್ಲು ಚಳಿಗೆ ಪೂರ್ತಿ ಕಂದುಹೋಗುತ್ತದೆ. ಚಳಿಗಾಲಕ್ಕೆಂದು ರೈ ಹುಲ್ಲಿನ ಬೀಜ ಬಿತ್ತಿ ನೀರು ಕಟ್ಟುವ ಬದಲು ಅಲ್ಲಿನ ಎಷ್ಟೋ ಮೈದಾನಗಳು ಬಣ್ಣ ಹೊಡೆದು ಸುಮ್ಮನಾಗುತ್ತವೆ. ನಮ್ಮಲ್ಲಿ ಅಂಥ ಚಳಿ ಇಲ್ಲ. ರಾತ್ರಿಯ ತಂಪಿಗೆ ಬೆಳವಣಿಗೆ ನಿಧಾನವಾಗುತ್ತದೆ, ಒಣಗಿಸುವುದು ನೀರಿನ ಕೊರತೆ. ಎಲೆ ಒಣಗಿದರೂ ಬುಡ ಮತ್ತು ನೆಲದೊಳಗಿನ ಬಳ್ಳಿ ಬದುಕಿರುತ್ತವೆ. ಬಣ್ಣ ಗೊಬ್ಬರವಲ್ಲ, ಹಾಗಾಗಿ ಆ ಬುಡ ಸಾಯದಷ್ಟು ನೀರನ್ನು ಆಗಾಗ ಕೊಡಲೇಬೇಕು.

ಹುಲ್ಲು ಪೂರ್ತಿ ಒಣಗಲಿ ಎಂದು ನಾನು ಕಾಯುವುದಿಲ್ಲ. ಅರ್ಧ ಹಸಿರು ಉಳಿದಿರುವಾಗಲೇ ಹೊಡೆದರೆ ಬಣ್ಣ ಕಡಿಮೆ ಸಾಕು, ಕಣ್ಣಿಗೂ ಸಹಜವಾಗಿ ಕಾಣುತ್ತದೆ. ಗೋಡೆಯ ಎಮಲ್ಷನ್ ಯಾಕೆ ಬೇಡ ಎಂದು ಕೇಳುವವರಿದ್ದಾರೆ. ಬೇಡ. ಅದು ಗೋಡೆಗೆ ಮಾಡಿದ್ದು, ಹುಲ್ಲಿಗೆ ಹುಲ್ಲಿನದ್ದೇ ಬಣ್ಣ ಸಿಗುತ್ತದೆ.

ನಿಜವಾದ ಕಷ್ಟ ಬಣ್ಣದ್ದಲ್ಲ, ಕೈಯದ್ದು. ನಮ್ಮ ಹುಡುಗರೆಲ್ಲ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆದು ಪಳಗಿದವರು. ಕಾಫಿ ಗಿಡದ ಎಲೆಯ ಅಡಿಗೆ ತಾಗಬೇಕೆಂದು ಗನ್ನನ್ನು ಕೆಳಗಿಂದ ಮೇಲಕ್ಕೆ, ಅತ್ತಿತ್ತ ಬೀಸುವುದು ಅವರ ಮೈಗೇ ಬಂದುಬಿಟ್ಟಿದೆ. ತುಕ್ಕು ರೋಗಕ್ಕೆ ಅದೇ ಸರಿ. ಹುಲ್ಲಿನ ಮೇಲೆ ಹಾಗೆ ಬೀಸಿದರೆ ಕೈ ತಿರುಗುವ ಎರಡು ತುದಿಯಲ್ಲಿ ಬಣ್ಣ ಜಾಸ್ತಿ ಬೀಳುತ್ತದೆ, ಮಧ್ಯೆ ತೆಳುವಾಗುತ್ತದೆ. ‘ಸುಮ್ನೆ ಬೀಸ್ಕೊಂಡು ಹೋದ್ರೆ ಆಗಲ್ವಾ ಸಾರ್?’ ಎಂದು ನಮ್ಮ ಹಿರಿಯ ಸ್ಪ್ರೇಯರ್ ಕೇಳಿದ್ದರು. ‘ಕೈ ಅಲ್ಲಾಡಬಾರದು ಅಣ್ಣಾ, ಕಾಲು ಮಾತ್ರ ನಡೀಬೇಕು’ ಅಂದೆ. ಬಣ್ಣ ಹಾಕದೆ ಬರೀ ನೀರು ತುಂಬಿಸಿ ಸಿಮೆಂಟು ಅಂಗಳದ ಮೇಲೆ ನಡೆಸಿದೆ. ಒದ್ದೆಯಾದ ಪಟ್ಟಿ ಎಲ್ಲಿ ಬೇಗ ಆರುತ್ತದೋ ಅಲ್ಲಿ ತೆಳುವಾಗಿದೆ ಎಂದರ್ಥ. ಇದನ್ನು ಬಾಯಲ್ಲಿ ಎಷ್ಟು ಹೇಳಿದರೂ ತಲೆಗೆ ಹೋಗುತ್ತಿರಲಿಲ್ಲ.

ಲೆಕ್ಕ ಹೀಗೆ. ನಾಝಲ್ ಬೀಸಣಿಗೆ ಆಕಾರದಲ್ಲಿ ಚಪ್ಪಟೆಯಾಗಿ ಬೀಳುವಂಥದ್ದು. ಒಂದು ನಿಮಿಷ ಬಕೆಟ್ಟಿಗೆ ಹಿಡಿದು ಅಳೆದರೆ 1.2 ಲೀಟರ್ ಬರಬೇಕು. ಸಾಲಿನಿಂದ ಸಾಲಿಗೆ ಅರ್ಧ ಮೀಟರ್. ನಡಿಗೆ ನಿಮಿಷಕ್ಕೆ 60 ಮೀಟರ್, ಅಂದರೆ ಸೆಕೆಂಡಿಗೆ ಒಂದು ಮೀಟರ್. ಹಾಗೆ ನಡೆದರೆ 100 ಚದರ ಮೀಟರಿಗೆ 4 ಲೀಟರ್ ಬೀಳುತ್ತದೆ. ಉದ್ದಕ್ಕೆ ಒಂದು ಸಲ, ಅದು ಆರಿದ ಮೇಲೆ ಅಡ್ಡಕ್ಕೆ ಇನ್ನೊಂದು ಸಲ. ಒಟ್ಟು 8 ಲೀಟರ್. 10 ಮೀಟರ್ ಅಗಲ, 20 ಮೀಟರ್ ಉದ್ದದ ಟೀಗೆ 16 ಲೀಟರಿನ ಬ್ಯಾಟರಿ ಸ್ಪ್ರೇಯರ್ ಒಂದು ತುಂಬು ಸಾಕು. ನಾವು ಬಳಸುವ ಬಣ್ಣಕ್ಕೆ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸುತ್ತೇವೆ. ನಿಮ್ಮ ಡಬ್ಬದ ಮೇಲೆ ಬೇರೆ ಅಳತೆ ಇದ್ದರೆ ಅದನ್ನೇ ನಂಬಿ. ಉದ್ದದ ಸಾಲು ಮುಗಿದಾಗ ಟ್ಯಾಂಕಿನಲ್ಲಿ ಸರಿಯಾಗಿ ಅರ್ಧ ಉಳಿದಿರಬೇಕು. ಜಾಸ್ತಿ ಉಳಿದಿದ್ದರೆ ನಡಿಗೆ ಜೋರಾಗಿದೆ, ಇಲ್ಲವೇ ನಾಝಲ್ ಕಟ್ಟಿದೆ.

ಬೀಸಣಿಗೆ ನಾಝಲಿನ ಅಂಚಿನಲ್ಲಿ ಬಣ್ಣ ಕಡಿಮೆ ಬೀಳುತ್ತದೆ. ಅದಕ್ಕೇ ಪಕ್ಕದ ಸಾಲು ಅದರ ಮೇಲೆ ಹತ್ತಲೇಬೇಕು. ಮೇಸ್ತ್ರಿಗಳು ಕಟ್ಟುವ ನೈಲಾನ್ ದಾರವನ್ನು ಎರಡು ಗೂಟಕ್ಕೆ ಬಿಗಿದು, ಸಾಲಿಗೊಮ್ಮೆ ಸರಿಸುತ್ತಾ ಹೋಗುತ್ತೇವೆ. ನಾಝಲ್ ನೆಲದಿಂದ ಅರ್ಧ ಮೀಟರ್ ಮೇಲೆ. ಗನ್ನನ್ನು ಮುಂದಕ್ಕಲ್ಲ, ಪಕ್ಕಕ್ಕೆ ಹಿಡಿಯಬೇಕು, ಆಗ ಕಾಲು ಇನ್ನೂ ಬಣ್ಣ ಬೀಳದ ಕಡೆ ಇರುತ್ತದೆ. ಸಾಲಿನ ತುದಿಯಲ್ಲಿ ನಿಂತ ಮೇಲೆ ಗನ್ ಮುಚ್ಚಿದರೆ ಅಲ್ಲೊಂದು ಕಡುಹಸಿರು ಮಚ್ಚೆ ಗ್ಯಾರಂಟಿ. ನಡೆಯುತ್ತಾ ಇರುವಾಗಲೇ ತೆರೆಯಬೇಕು, ನಡೆಯುತ್ತಾ ಇರುವಾಗಲೇ ಮುಚ್ಚಬೇಕು.

ಬೋರ್ಡೋ ಹೊಡೆದ ಟ್ಯಾಂಕನ್ನು ಇದಕ್ಕೆ ಬಳಸಬೇಡಿ. ಎಷ್ಟು ತೊಳೆದರೂ ಸುಣ್ಣದ ಹರಳು ಎಲ್ಲೋ ಉಳಿದು ಜಾಲರಿಗೆ ಬಂದು ಕೂರುತ್ತದೆ. ನಾವು ಬೇರೆಯೇ ಇಟ್ಟಿದ್ದೇವೆ. ಆದರೂ ಬಣ್ಣವನ್ನು ಸೋಸಿಯೇ ಹಾಕುತ್ತೇವೆ, ನಡುನಡುವೆ ಟ್ಯಾಂಕ್ ಅಲ್ಲಾಡಿಸುತ್ತೇವೆ, ಇಲ್ಲದಿದ್ದರೆ ಬಣ್ಣ ತಳಕ್ಕೆ ಇಳಿಯುತ್ತದೆ.

ಹೊತ್ತು ನೋಡಿಕೊಳ್ಳಬೇಕು. ಬೆಳಿಗ್ಗೆ ಇಬ್ಬನಿ ಆರುವ ತನಕ ಕೈ ಹಾಕುವ ಹಾಗಿಲ್ಲ, ಒದ್ದೆ ಎಲೆಯ ಮೇಲೆ ಬಣ್ಣ ಹರಿದುಹೋಗುತ್ತದೆ. ತಡ ಮಾಡಿದರೆ ಗಾಳಿ ಎದ್ದು ಬಂಕರ್ ಎಂಬ ಮರಳುಗುಂಡಿಯೂ ಹಸಿರಾಗುತ್ತದೆ. ಎರಡರ ನಡುವೆ ಸಿಗುವ ಹೊತ್ತು ತೀರಾ ಕಡಿಮೆ. ಬಂಕರ್, ಬೋರ್ಡು, ಕಲ್ಲುದಾರಿಯ ಅಂಚಿಗೆ ಪ್ಲೈವುಡ್ ತುಂಡು ಅಡ್ಡ ಹಿಡಿಯಲು ಒಬ್ಬರು ಬೇಕೇ ಬೇಕು. ಕಾಫಿ ಕೊಯ್ಲಿನ ಸಮಯದಲ್ಲಿ ಆ ಒಬ್ಬರು ಸಿಗುವುದೇ ದೊಡ್ಡ ಮಾತು!

ಮೊದಲು ಹುಲ್ಲು ಕತ್ತರಿಸಿ, ಕಸ ಪೂರ್ತಿ ಗುಡಿಸಿರಬೇಕು. ಸುತ್ತ ಸಿಲ್ವರ್ ಓಕ್ ಇರುವವರಿಗೆ ಇದು ಇನ್ನೂ ಮುಖ್ಯ. ಗುಡಿಸಿದ ಮೇಲೆ ಬಿದ್ದ ಒಂದೇ ಒಂದು ಎಲೆಯ ಮೇಲೆ ಬಣ್ಣ ಹೋದರೂ, ಆಮೇಲೆ ಎತ್ತಿದಾಗ ಅದರ ಸೀಳುಸೀಳು ಅಂಚು ಸಮೇತ ಒಣಹುಲ್ಲಿನ ಬಣ್ಣದಲ್ಲಿ ಅಚ್ಚು ಬಿದ್ದಿರುತ್ತದೆ. ಅಡ್ಡಸಾಲಿಗೆ ಮುಂಚೆ ಇನ್ನೊಮ್ಮೆ ಎಲೆ ಹೆಕ್ಕಿಸಿ.

ಹಸಿ ಇರುವಾಗ ನೋಡಿ ಬಣ್ಣ ಅಳೆಯಬಾರದು, ಆಗ ಕಡುವಾಗಿಯೇ ಕಾಣುತ್ತದೆ. ನಾನು ಸಂಜೆ ಓರೆ ಬಿಸಿಲಿನಲ್ಲಿ ಟೀಯ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುತ್ತೇನೆ. ಪಟ್ಟೆ ಇದ್ದರೆ ಆಗ ತೋರುತ್ತದೆ.

ಕೆಲಸ ಮುಗಿದ ತಕ್ಷಣ ತೊಳೆಯಬೇಕು. ಆರಿದ ಮೇಲೆ ಈ ಬಣ್ಣ ಬಿಡುವುದಿಲ್ಲ. ನಾಝಲಿಗೆ ಹಳೇ ಟೂತ್‌ಬ್ರಷ್ ಸಾಕು, ಪಿನ್ನು ಚುಚ್ಚಿದರೆ ತೂತು ಹಿಗ್ಗಿ ಅಳತೆಯೆಲ್ಲ ಕೆಡುತ್ತದೆ. ತೊಳೆದ ನೀರನ್ನು ಹಳ್ಳಕ್ಕೆ ಬಿಡದೆ ಟೀಯ ಹಿಂದಿನ ಒಣಹುಲ್ಲಿಗೇ ಚೆಲ್ಲುತ್ತೇವೆ.

ಕೆಲವು ವಾರ ಕಳೆದ ಮೇಲೆ ಹಸಿರು ಮಾಸಿ ಸ್ವಲ್ಪ ನೀಲಿ ಕಡೆ ತಿರುಗುತ್ತದೆ. ಆಟಗಾರರು ನಿಲ್ಲುವ ಜಾಗ ಎಲ್ಲಕ್ಕಿಂತ ಮುಂಚೆ ಸವೆಯುತ್ತದೆ. ಆಗ ಇಡೀ ಟೀಗೆ ಮತ್ತೆ ಹೊಡೆಯುವುದಿಲ್ಲ, ಸವೆದ ಕಡೆಗಷ್ಟೇ ನೀರು ಜಾಸ್ತಿ ಬೆರೆಸಿ ತೆಳುವಾಗಿ ಒಂದು ಕೈ. ಹೂಮಳೆ ಬಿದ್ದ ವರ್ಷ ಅದೂ ಬೇಕಾಗುವುದಿಲ್ಲ.