ನಾಲ್ಕೂ ಚಕ್ರ ಎಳೆಯುವ ಗಾಡಿಗೆ ಟೈರ್ ಜೋಡಿಸುವುದು ಹೇಗೆ?

ಹೋದ ವರ್ಷ ಕಬ್ಬು ಕಡಿಯುವ ಹೊತ್ತು. ಮಂಡ್ಯದ ಹತ್ತಿರ ನಮ್ಮ ಭಾವನವರ ಗದ್ದೆಯಲ್ಲಿ ಇನ್ನೂ ಕೆಸರು ಆರಿರಲಿಲ್ಲ. ಜೀಪನ್ನು ನಾಲೆ ಏರಿಗೆ ಹತ್ತಿಸಲು ಭಾವ ಲಿವರ್ ಎಳೆದು ಫೋರ್ ಎಚ್‌ಗೆ, ಅಂದರೆ ನಾಲ್ಕೂ ಚಕ್ರ ಎಳೆಯುವ ಸ್ಥಿತಿಗೆ, ಹಾಕಿದರು. ಗಾಡಿ ಸಲೀಸಾಗಿ ಹತ್ತಿತು. ಏರಿ ಮೇಲಿನ ಡಾಂಬರಿನಲ್ಲಿ ಒಂದೂವರೆ ಕಿಲೋಮೀಟರ್ ಹೋದ ಮೇಲೆ ವಾಪಸ್ ಟು ಎಚ್‌ಗೆ, ಅಂದರೆ ಹಿಂದಿನ ಎರಡೇ ಚಕ್ರ ಎಳೆಯುವಂತೆ, ತರಲು ನೋಡಿದರೆ ಲಿವರ್ ಅಲುಗಲೇ ಇಲ್ಲ. ಸ್ಟೀರಿಂಗ್ ಬಿಗಿಯಾಗಿತ್ತು. ತಿರುವಿನಲ್ಲಿ ಮುಂದಿನ ಚಕ್ರ ಕಿರ್ ಕಿರ್ ಎಂದು ಕುಪ್ಪಳಿಸುತ್ತಿತ್ತು. ಕೆಳಗಿನಿಂದ ಎಣ್ಣೆ ಸುಟ್ಟ ವಾಸನೆ. ಒಂದು ಪಕ್ಕದಲ್ಲಿ ತುಂಬಿ ಹರಿಯುವ ನಾಲೆ, ಅಲ್ಲಿ ತಡೆಗೋಡೆ ಇಲ್ಲ.

"ಗೇರ್‌ಬಾಕ್ಸ್ ಹೋಯ್ತು ಕಣಪ್ಪ" ಅಂದರು ಭಾವ. ಹೋಗಿದ್ದು ಗೇರ್‌ಬಾಕ್ಸ್ ಅಲ್ಲ. ಎರಡು ವಾರದ ಹಿಂದೆ ಅವರು ಹಿಂದಿನ ಎರಡು ಟೈರ್ ಬದಲಾಯಿಸಿದ್ದರು. ಗಾಡಿಗೆ ಬರಬೇಕಾದ್ದು 215/75 ಆರ್15. ಅಂಗಡಿಯವರು "ಸ್ವಲ್ಪ ದಪ್ಪ ಇದ್ರೆ ಗ್ರಿಪ್ ಜಾಸ್ತಿ ಸಾರ್" ಎಂದು 235/75 ಆರ್15 ಹಾಕಿ ಕಳಿಸಿದ್ದರು. ಮುಂದೆ ಮಾತ್ರ ಬಟನ್ (ನೆಲ ಹಿಡಿಯುವ ಉಬ್ಬು) ಸವೆದ ಹಳೇ ಟೈರ್. ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಅಂತ ಯಾರೂ ಕೇಳಿರಲಿಲ್ಲ.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಜೀಪಿನ ಹೊಟ್ಟೆಯೊಳಗೆ ನಡೆದದ್ದು ಅದೇ. ಫೋರ್ ಎಚ್‌ಗೆ ಹಾಕಿದಾಗ ಗೇರ್‌ಬಾಕ್ಸಿನಿಂದ ಬರುವ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಮುಂದಿನ ಶಾಫ್ಟನ್ನೂ ಹಿಂದಿನ ಶಾಫ್ಟನ್ನೂ ಒಂದಕ್ಕೊಂದು ಕಟ್ಟಿಹಾಕುತ್ತದೆ. ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಆದರೆ ಸಣ್ಣ ಟೈರ್ ಅಷ್ಟೇ ದೂರಕ್ಕೆ ಹೆಚ್ಚು ಸುತ್ತು ತಿರುಗಬೇಕು, ದೊಡ್ಡದು ಕಡಿಮೆ. ಕೆಸರಿನಲ್ಲಿ ಚಕ್ರ ಜಾರುತ್ತದೆ, ಲೆಕ್ಕ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರಲು ಜಾಗವಿಲ್ಲ. ಆ ಬಿಗಿಯೆಲ್ಲ ಶಾಫ್ಟು, ಗೇರು, ಚೈನಿನ ಮೇಲೆ ಕೂರುತ್ತದೆ. ಹಾಗಾಗಿ ಇಂಥ ಗಾಡಿಗೆ ಟೈರ್ ತಗೊಳ್ಳುವಾಗ ಕಂಪನಿ ಹೆಸರಿಗಿಂತ ಮುಖ್ಯವಾದದ್ದು ಒಂದೇ: ನಾಲ್ಕರ ಸುತ್ತಳತೆ ಒಂದೇ ಇರಬೇಕು. ಅದನ್ನು ಮನೆಯಲ್ಲೇ ನೋಡಿಕೊಳ್ಳಬಹುದು.

ಮೊದಲು ನಿಮ್ಮ ಗಾಡಿ ಯಾವ ಬಗೆಯದು ನೋಡಿ

ಥಾರ್, ಜಿಮ್ನಿ, ಜಿಪ್ಸಿ, ಗೂರ್ಖಾ ಇವೆಲ್ಲ ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಗಾಡಿಗಳು. ಟು ಎಚ್‌ನಲ್ಲಿ ಓಡಿಸುವಾಗ ಮುಂದೆ ಒಂದು, ಹಿಂದೆ ಒಂದು ಅಳತೆ ಇದ್ದರೂ ಗೇರುಗಳಿಗೆ ತಕ್ಷಣದ ಪೆಟ್ಟಿಲ್ಲ. ಫೋರ್ ಎಚ್, ಫೋರ್ ಎಲ್‌ಗೆ (ನಾಲ್ಕೂ ಚಕ್ರ ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯುವ ಗೇರು) ಹಾಕಿದಾಗಲೇ ತಂಟೆ.

ಡಸ್ಟರ್ ಎಡಬ್ಲ್ಯುಡಿ (ಆಲ್ ವೀಲ್ ಡ್ರೈವ್), ಎಕ್ಸ್‌ಯುವಿ700 ಎಡಬ್ಲ್ಯುಡಿ ಬೇರೆ ಬಗೆ. ಅಲ್ಲಿ ಮುಂದಿನ ಚಕ್ರ ಜಾರುತ್ತಿದೆ ಅನ್ನಿಸಿದರೆ ಕಂಪ್ಯೂಟರ್ ತಾನೇ ಹಿಂದಿನ ಚಕ್ರಕ್ಕೆ ಶಕ್ತಿ ಕಳಿಸುತ್ತದೆ. ಟೈರ್ ಅಳತೆ ಬೇರೆಯಾದರೆ ಚಕ್ರ ಸದಾ ಜಾರುತ್ತಿದೆ ಅಂತಲೇ ಅದಕ್ಕೆ ಕಾಣಬಹುದು. ನಡುವಿನ ಕ್ಲಚ್ ಮತ್ತೆ ಮತ್ತೆ ಕೆಲಸ ಮಾಡಿ ಬಿಸಿಯಾಗುತ್ತದೆ. ಈ ಗಾಡಿ ಇದ್ದವರು ನಾಲ್ಕನ್ನೂ ಒಟ್ಟಿಗೆ ಬದಲಾಯಿಸುವುದೇ ಒಳ್ಳೆಯದು. ಇಲ್ಲಿ ನಾನು ರಾಜಿಯ ಮಾತು ಹೇಳುವುದಿಲ್ಲ.

ಟೈರಿನ ಪಕ್ಕೆ ಓದಿ

ಮೈಸೂರಿನ ಮೇಟಗಳ್ಳಿ ಕಡೆಯವರಿಗೆ ಇದು ಹೊಸ ವಿಷಯವೇನಲ್ಲ. ಕೆಆರ್‌ಎಸ್ ರಸ್ತೆಯ ವಿಕ್ರಾಂತ್ ಟೈರ್ ಕಾರ್ಖಾನೆ, 1997ರಲ್ಲಿ ಜೆಕೆ ಟೈರ್ ಕೈಗೆ ಹೋದದ್ದು, ಅಲ್ಲಿ ದುಡಿದವರು ಇಂದಿಗೂ ಟೈರ್ ಕಂಡರೆ ಮೊದಲು ಬಗ್ಗಿ ನಂಬರ್ ಓದುತ್ತಾರೆ.

215/75 ಆರ್15 ಅಂದರೆ ಅಗಲ 215 ಮಿ.ಮೀ., ಪಕ್ಕೆಯ ಎತ್ತರ ಅದರ ನೂರಕ್ಕೆ 75, ರಿಮ್ 15 ಇಂಚು, ಆರ್ ಅಂದರೆ ರೇಡಿಯಲ್. ಲೆಕ್ಕ ಹಾಕಿದರೆ ಟೈರಿನ ಒಟ್ಟು ಎತ್ತರ ಸುಮಾರು 703 ಮಿ.ಮೀ. ಭಾವ ಹಾಕಿಸಿದ 235/75 ಆರ್15 ಸುಮಾರು 733 ಮಿ.ಮೀ. ಅಗಲ ಮಾತ್ರ ಜಾಸ್ತಿ ಆಯಿತು ಅಂದುಕೊಂಡಿದ್ದರು. ಪಕ್ಕೆ ಅಗಲದ ಪಾಲು ತಾನೇ? ಅಗಲ ಹೆಚ್ಚಿದರೆ ಎತ್ತರವೂ ಹೆಚ್ಚುತ್ತದೆ.

ಪಕ್ಕೆಯ ಮೇಲೆ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಯನ್ನೂ ನೋಡಿ. 2319 ಇದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಜೋಡಿಯಾಗಿ ಕೊಳ್ಳುವ ಎರಡೂ ಹತ್ತಿರದ ತಾರೀಖಿನವಾಗಿರಲಿ. ಅಳತೆಯ ನಂತರ ಬರುವ 100 ಎಸ್ ಥರದ ಗುರುತು ಭಾರ ಮತ್ತು ವೇಗದ್ದು. 100 ಅಂದರೆ ಒಂದು ಟೈರ್ 800 ಕೆ.ಜಿ. ಹೊರಬಲ್ಲದು, ಎಸ್ ಅಂದರೆ ಗಂಟೆಗೆ 180 ಕಿ.ಮೀ. ತನಕ. ಕಂಪನಿ ಕೊಟ್ಟದ್ದಕ್ಕಿಂತ ಇದು ಕಡಿಮೆ ಇರಬಾರದು.

ಸೀಮೆಸುಣ್ಣದ ಅಳತೆ

ನಂಬರ್ ಒಂದೇ ಇದ್ದರೂ ಎರಡು ಕಂಪನಿಯ ಟೈರ್‌ಗಳು ಕೆಲವು ಮಿಲಿಮೀಟರ್ ಹೆಚ್ಚುಕಮ್ಮಿ ಇರುತ್ತವೆ. ಸವೆತ ಬೇರೆ ಸೇರಿಕೊಳ್ಳುತ್ತದೆ. ಹಾಗಾಗಿ ಅಳೆದು ನೋಡುವುದೇ ನಂಬಿಕೆಯ ದಾರಿ. ಬೇಕಾದದ್ದು ಒಂದು ಸೀಮೆಸುಣ್ಣ, ಉದ್ದದ ಟೇಪು, ಜೊತೆಗೆ ಇಬ್ಬರು.

ಬೆಳಿಗ್ಗೆ ಟೈರ್ ತಣ್ಣಗಿರುವಾಗ ಗಾಳಿ ಹೊಡೆಸಿ. ಎಷ್ಟು ಅಂತ ಚಾಲಕನ ಬಾಗಿಲ ಕಂಬದ ಚೀಟಿಯಲ್ಲಿ ಅಥವಾ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಸಮತಟ್ಟಾದ ಸಿಮೆಂಟು ನೆಲದಲ್ಲಿ ಗಾಡಿ ನಿಲ್ಲಿಸಿ, ಸ್ಟೀರಿಂಗ್ ನೇರ ಮಾಡಿ, ಲಿವರ್ ಟು ಎಚ್‌ನಲ್ಲಿಡಿ. ಪ್ರತಿ ಟೈರ್ ನೆಲಕ್ಕೆ ತಾಗುವ ಜಾಗದಲ್ಲಿ, ಸರಿಯಾಗಿ ನಡುವಿಗೆ, ಟೈರಿನ ಪಕ್ಕೆಗೂ ನೆಲಕ್ಕೂ ಸೇರಿದಂತೆ ಒಂದೇ ಗೆರೆ ಎಳೆಯಿರಿ. ಒಬ್ಬರು ಬ್ರೇಕಿನ ಮೇಲೆ ಕಾಲಿಟ್ಟು ಕೂರಲಿ. ಗಾಡಿಯನ್ನು ನ್ಯೂಟ್ರಲ್‌ನಲ್ಲಿ ನಿಧಾನವಾಗಿ ತಳ್ಳಿ. ಟೈರಿನ ಗೆರೆ ಮೂರು ಸಲ ಸುತ್ತಿ ಮತ್ತೆ ಕೆಳಗೆ ಬಂದಾಗ ನಿಲ್ಲಿಸಿ ನೆಲಕ್ಕೆ ಗುರುತು ಹಾಕಿ. ಅಳತೆ ಬೇರೆಯಿದ್ದರೆ ನಾಲ್ಕು ಗೆರೆ ಒಟ್ಟಿಗೆ ಕೆಳಗೆ ಬರುವುದಿಲ್ಲ, ಒಂದೊಂದನ್ನೇ ಕಾದು ಗುರುತಿಸಿ. ಎರಡು ಗುರುತಿನ ನಡುವಿನ ದೂರವನ್ನು ಮೂರರಿಂದ ಭಾಗಿಸಿದರೆ ಒಂದು ಸುತ್ತಿನ ದೂರ ಸಿಗುತ್ತದೆ. ಒಂದೇ ಸುತ್ತು ಉರುಳಿಸಿದರೆ ಕೈತಪ್ಪು ಜಾಸ್ತಿ, ಅದಕ್ಕೇ ಮೂರು.

ಭಾವನ ಅಂಗಳದಲ್ಲಿ ಹೀಗೆ ಅಳೆದಾಗ ಮುಂದಿನದು 2.12 ಮೀಟರ್, ಹಿಂದಿನದು 2.24 ಮೀಟರ್ ಬಂತು. ಸುತ್ತಿಗೆ 12 ಸೆಂ.ಮೀ. ನೂರು ಮೀಟರ್ ಹೋಗುವಷ್ಟರಲ್ಲಿ ಮುಂದಿನ ಚಕ್ರ ಎರಡೂವರೆ ಸುತ್ತು ಹೆಚ್ಚು ತಿರುಗಬೇಕು. ಒಂದೂವರೆ ಕಿಲೋಮೀಟರ್‌ಗೆ ಎಷ್ಟಾಯಿತು? ನೆಲದ ಮೇಲಿನ ಆ ಗೆರೆಗಳನ್ನು ನೋಡಿ ಭಾವ ಸುಮಾರು ಹೊತ್ತು ಮಾತಾಡಲಿಲ್ಲ.

ಬಟನ್ ಆಳವನ್ನೂ ನೋಡಿ. ಮಕ್ಕಳ ಜಾಮಿಟ್ರಿ ಬಾಕ್ಸಿನ ಡಿವೈಡರ್ ಮುಳ್ಳನ್ನು ಬಟನ್ ನಡುವಿನ ಸೀಳಿನೊಳಗೆ ಇಳಿಸಿ, ಉಗುರಿನಿಂದ ಹಿಡಿದು ಸ್ಕೇಲಿಗೆ ಇಟ್ಟರೆ ಸಾಕು. ಹೊಸ ಟೈರಿನಲ್ಲಿ ಸಾಮಾನ್ಯವಾಗಿ 8 ಮಿ.ಮೀ. ಆಸುಪಾಸು ಇರುತ್ತದೆ. 1.6 ಮಿ.ಮೀ.ಗೆ ಬಂದರೆ ಸೀಳಿನೊಳಗೆ ಸವೆತ ತೋರಿಸಲು ಇಟ್ಟ ಟಿಡಬ್ಲ್ಯುಐ ದಿಬ್ಬ ಮಟ್ಟಕ್ಕೆ ಬರುತ್ತದೆ, ಟೈರ್ ಮುಗಿಯಿತು ಅಂತಲೇ ಅರ್ಥ. 8 ಮಿ.ಮೀ. ಇರುವ ಹೊಸದನ್ನು 2 ಮಿ.ಮೀ. ಉಳಿದ ಹಳೆಯದರ ಜೊತೆ ಹಾಕಿದರೆ, ನಂಬರ್ ಒಂದೇ ಇದ್ದರೂ, ಸುತ್ತಳತೆಯಲ್ಲಿ ಸುಮಾರು 3.8 ಸೆಂ.ಮೀ. ವ್ಯತ್ಯಾಸ ಬಂದುಬಿಡುತ್ತದೆ. ನಾಲ್ಕರ ಬಟನ್ 2 ಮಿ.ಮೀ. ಒಳಗಿನ ಅಂತರದಲ್ಲಿರಲಿ. ನಿಮ್ಮ ಗಾಡಿಯ ಪುಸ್ತಕ ಇದಕ್ಕಿಂತ ಬಿಗಿ ಹೇಳಿದ್ದರೆ ಅದನ್ನೇ ಪಾಲಿಸಿ.

ಯಾವುದರ ಜೊತೆ ಯಾವುದು?

ಒಂದೇ ಆಕ್ಸಲ್‌ನ ಎಡಕ್ಕೂ ಬಲಕ್ಕೂ ಬೇರೆ ಬೇರೆ ಟೈರ್ ಬೇಡವೇ ಬೇಡ. ನೇರ ರಸ್ತೆಯಲ್ಲೂ ಎಡ ಬಲ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಒಳಗಿನ ಸಣ್ಣ ಗೇರುಗಳು ಸುಮ್ನೆ ತಿರುಗುತ್ತಲೇ ಇರುತ್ತವೆ, ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ರೇಡಿಯಲ್ ಜೊತೆ ನೈಲಾನ್ (ದಾರ ಓರೆಯಾಗಿ ಹೆಣೆದ ಹಳೇ ಬಗೆಯ ಟೈರ್) ಕೂಡದು. ರೇಡಿಯಲ್‌ನ ಪಕ್ಕೆ ಬಾಗುತ್ತದೆ, ನೈಲಾನ್‌ನದು ಬಿಗಿ. ತಿರುವಿನಲ್ಲಿ ಎರಡೂ ನೆಲ ಹಿಡಿಯುವ ರೀತಿ ಬೇರೆ. ಒಂದು ಕಡೆ ಮಾತ್ರ ರೀಬಟನ್ ಮಾಡಿಸಿದ್ದು ಹಾಕುವುದೂ ಇದೇ ತಪ್ಪು.

ನಮ್ಮ ಕಡೆ ಜಾಸ್ತಿ ಕಾಣುವುದು ಹಿಂದೆ ಕೆಸರಿನ ಎಂಟಿ ಟೈರ್, ಮುಂದೆ ರಸ್ತೆಯ ಎಚ್‌ಟಿ ಟೈರ್. ಗದ್ದೆಯಲ್ಲಿ ಚೆನ್ನಾಗಿಯೇ ಇರುತ್ತದೆ. ಆದರೆ ಬೆಳಿಗ್ಗೆ ಗದ್ದೆಗಿಳಿದ ಗಾಡಿ ಸಂಜೆ ಬೆಂಗಳೂರು–ಮೈಸೂರು ಹೆದ್ದಾರಿಗೂ ಹೋಗುತ್ತದಲ್ವಾ? ಎಂಟಿಯ ದೊಡ್ಡ ಗಟ್ಟಿ ಬಟನ್‌ಗಳು ಒದ್ದೆ ಡಾಂಬರನ್ನು ಅಷ್ಟು ಹಿಡಿಯುವುದಿಲ್ಲ. ಮುಂದಿನದು ಹಿಡಿದು ಹಿಂದಿನದು ಬಿಟ್ಟರೆ ಗಾಡಿ ಬಾಲ ತಿರುಗಿಸಿ ಅಡ್ಡ ನಿಲ್ಲುತ್ತದೆ. ಗದ್ದೆ, ರಸ್ತೆ ಎರಡೂ ಇರುವವರು ನಾಲ್ಕಕ್ಕೂ ಎಟಿ, ಅಂದರೆ ಮಣ್ಣಿಗೂ ರಸ್ತೆಗೂ ಆಗುವ ಟೈರ್, ಹಾಕಿಸಿ. ನನಗೆ ತಿಳಿದಂತೆ ಮಂಡ್ಯದ ರೈತರಿಗೆ ಹೊಂದುವುದು ಅದೇ.

ಕಡಿದ ಕಬ್ಬಿನ ಕೂಳೆ ಚೂಪಾಗಿರುತ್ತದೆ, ಪಕ್ಕೆ ಸೀಳಿಬಿಡುತ್ತದೆ. ಹೀಗೆ ಒಂದೇ ಟೈರ್ ಹೋದಾಗ ಏನು ಮಾಡುವುದು? ಉಳಿದವು ಹೊಸದರಂತೆಯೇ ಇದ್ದರೆ ಅದೇ ಕಂಪನಿ, ಅದೇ ನಮೂನೆಯದು ಒಂದು ಸಾಕು. ಅರ್ಧ ಸವೆದಿದ್ದರೆ ನಾಲ್ಕನ್ನೂ ಬದಲಾಯಿಸಬೇಕು. ಕೈಯಲ್ಲಿ ಅಷ್ಟು ದುಡ್ಡಿಲ್ಲ ಅಂದರೆ ಅದೇ ಅಳತೆಯ ಎರಡು ತಗೊಳ್ಳಿ, ಎರಡನ್ನೂ ಹಿಂದಕ್ಕೆ ಹಾಕಿ. ಮಳೆಯಲ್ಲಿ ಹಿಂದಿನ ಹಿಡಿತ ತಪ್ಪಿದರೆ ಗಾಡಿ ಸಂಭಾಳಿಸುವುದು ಕಷ್ಟ, ಅದಕ್ಕೆ. ಉಳಿದೆರಡು ಬದಲಾಗುವ ತನಕ ಫೋರ್ ಎಚ್ ಕೆಸರಲ್ಲಿ ಮಾತ್ರ, ಅದೂ ಸ್ವಲ್ಪ ದೂರಕ್ಕೆ.

ಲಿವರ್ ಸಿಕ್ಕಿಕೊಂಡರೆ

ಬಲ ಹಾಕಿ ಎಳೆಯಬೇಡಿ. ಬಗ್ಗಿಹೋದರೆ ಖರ್ಚು ದೊಡ್ಡದು. ನಿಲ್ಲಿಸಿ, ರಿವರ್ಸ್ ಹಾಕಿ, ಸ್ಟೀರಿಂಗ್ ನೇರ ಇಟ್ಟು ನಾಲ್ಕೈದು ಮೀಟರ್ ನಿಧಾನವಾಗಿ ಹಿಂದೆ ಬನ್ನಿ. ಬರುತ್ತಲೇ ಲಿವರ್ ಮೆಲ್ಲಗೆ ಒತ್ತಿ. ನಾಲೆ ಏರಿಯಲ್ಲಿ ನಾನು ಹಿಂದೆ ನಿಂತು ಅಂಚು ತೋರಿಸುತ್ತಾ ಇದನ್ನೇ ಮಾಡಿಸಿದೆ. ಮೂರನೇ ಸಲಕ್ಕೆ ಟಕ್ ಅಂತ ಸದ್ದಾಗಿ ಬಂತು. ಬರದಿದ್ದರೆ ಒಂದು ಪಕ್ಕದ ಚಕ್ರಗಳನ್ನು ಮಣ್ಣಿಗಿಳಿಸಿ ಮತ್ತೆ ಪ್ರಯತ್ನಿಸಿ. ಮುಂದಿನ ಒಂದು ಚಕ್ರಕ್ಕೆ ಜಾಕ್ ಕೊಟ್ಟರೂ ಬಿಗಿ ಬಿಡುತ್ತದೆ. ಆದರೆ ಸಮತಟ್ಟು ನೆಲದಲ್ಲಿ, ಎಂಜಿನ್ ಆರಿಸಿ, ಉಳಿದ ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆ ಮಾತ್ರ. ಚಕ್ರ ನೆಲ ಬಿಟ್ಟ ಕೂಡಲೇ ತಾನಾಗಿ ಜೋರಾಗಿ ತಿರುಗಬಹುದು, ಕೈ ದೂರ ಇರಲಿ. ನಾಲೆ ಏರಿಯ ಮೇಲೆ ಜಾಕ್ ಹಾಕುವ ಯೋಚನೆಯೇ ಬೇಡ.

ಟೈರ್ ಎಲ್ಲ ಒಂದೇ ಇದ್ದರೂ ಈ ಗಾಡಿಗಳನ್ನು ಒಣ ಡಾಂಬರಿನಲ್ಲಿ ಫೋರ್ ಎಚ್‌ನಲ್ಲಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಉದ್ದದ ದಾರಿ ಹೋಗುತ್ತದೆ, ಅಲ್ಲೂ ಇದೇ ಬಿಗಿ.

ಸ್ಟೆಪ್ನಿಯನ್ನೂ ಸುತ್ತಿಗೆ ಸೇರಿಸಿ

8,000ದಿಂದ 10,000 ಕಿ.ಮೀ.ಗೆ ಒಮ್ಮೆ ಟೈರ್‌ಗಳ ಜಾಗ ಬದಲಾಯಿಸಿ. ಸ್ಟೆಪ್ನಿ ರಿಮ್ಮೂ ಅದೇ ಅಳತೆಯದಾಗಿದ್ದರೆ ಐದನ್ನೂ ಸೇರಿಸಿ. ಐದೂ ಒಟ್ಟಿಗೆ ಸವೆದರೆ ಪಂಕ್ಚರ್ ದಿನ ಸ್ಟೆಪ್ನಿ ಹಾಕಿಕೊಂಡೇ ಕೆಸರಿಗಿಳಿಯಬಹುದು. ಪಕ್ಕೆಯಲ್ಲಿ ಬಾಣದ ಗುರುತಿರುವ ಟೈರನ್ನು ಮಾತ್ರ ಎಡದಿಂದ ಬಲಕ್ಕೆ ಹಾಗೇ ಹಾಕಬೇಡಿ.

ಭಾವ ಹಿಂದಿನ ಎರಡು ಬಿಚ್ಚಿಸಿ, ನಾಲ್ಕಕ್ಕೂ 215/75 ಎಟಿ ಹಾಕಿಸಿದರು. ಟ್ರಾನ್ಸ್‌ಫರ್ ಕೇಸಿನ ಎಣ್ಣೆ ಕಪ್ಪಾಗಿತ್ತು, ಅದನ್ನೂ ಬದಲಾಯಿಸಿದರು. ಹಳೆಯದರಲ್ಲಿ ಚೆನ್ನಾಗಿದ್ದ ಒಂದು ಸದ್ಯಕ್ಕೆ ಸ್ಟೆಪ್ನಿಯಾಗಿದೆ. ಅದನ್ನು ಹಾಕಿದ ದಿನ ಫೋರ್ ಎಚ್ ಮುಟ್ಟಬಾರದು ಅಂತ ಲಿವರ್ ಪಕ್ಕದಲ್ಲೇ ಬರೆದು ಅಂಟಿಸಿದ್ದಾರೆ.