ಡಿಸೆಂಬರ್‌ನಲ್ಲೂ ಫ್ಯಾನು ಐದಕ್ಕೆ

ಬಸವನಗುಡಿಯ ನಮ್ಮನೆಯಲ್ಲಿ ಡಿಸೆಂಬರ್ ರಾತ್ರಿ ಎಲ್ಲರೂ ರಗ್ಗು ಹೊದ್ದು ಮಲಗಿದ್ದರೆ ನಾನೊಬ್ಬಳು ಫ್ಯಾನು ಐದಕ್ಕಿಟ್ಟು ಕೂತಿರುತ್ತಿದ್ದೆ. ಎದೆಯಿಂದ ಕುತ್ತಿಗೆಗೆ ಏರುವ ಬಿಸಿ ಎರಡು-ಮೂರು ನಿಮಿಷ. ಅಷ್ಟರಲ್ಲಿ ನೈಟಿ ಒದ್ದೆ, ಹಿಂದೆಯೇ ಚಳಿ. ಆಗ ನನಗೆ 43. ಸ್ತನ ಕ್ಯಾನ್ಸರ್‌ಗೆ ಕೊಟ್ಟ ಕೀಮೋ ಮುಗಿಯುವುದರೊಳಗೆ ಮುಟ್ಟು ನಿಂತಿತ್ತು, ಅದರ ಮೇಲೆ ಕ್ಯಾನ್ಸರ್ ಮರಳದಿರಲೆಂದು ದಿನಾ 20 ಮಿ.ಗ್ರಾಂ ಟ್ಯಾಮಾಕ್ಸಿಫೆನ್ ಮಾತ್ರೆ. ಮುಟ್ಟು ನಿಲ್ಲುವ ಕಾಲದ ಕಾಟ, ಅಮ್ಮನಿಗೆ ವರ್ಷಗಟ್ಟಲೆ ಮೆಲ್ಲಗೆ ಬಂದದ್ದು, ನನ್ನ ಮೈಮೇಲೆ ಒಮ್ಮೆಲೇ ಬಿದ್ದಿತ್ತು.

ಗಡ್ಡೆ ಹಾರ್ಮೋನ್ ಪಾಸಿಟಿವ್, ಅಂದರೆ ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್‌ನಂಥವುಗಳಿಂದ ಬೆಳೆಯುವಂಥದ್ದು. ಆದ್ದರಿಂದ ಈ ಬಿಸಿಗೆ ಕೊಡುವ ಈಸ್ಟ್ರೋಜನ್ ಮಾತ್ರೆ ಕೂಡದು ಅಂತ ಗೊತ್ತಿತ್ತು. ನಮ್ಮ ಬೀದಿಯ ಡಾಕ್ಟರು, ಒಳ್ಳೆಯವರೇ, ಪ್ಯಾರಾಕ್ಸಿಟೀನ್ ಬರೆದುಕೊಟ್ಟರು. ಅದು ಖಿನ್ನತೆಯ ಮಾತ್ರೆ, ಈ ಬಿಸಿಯನ್ನೂ ತಗ್ಗಿಸುತ್ತದೆ. ಸ್ವಲ್ಪ ದಿನದಲ್ಲೇ ಹಾಯೆನಿಸಿತು. ಮುಂದಿನ ಚೆಕಪ್‌ಗೆ ಎಲ್ಲ ಮಾತ್ರೆಗಳನ್ನೂ ಬಿಸ್ಕತ್ ಡಬ್ಬಿಯಲ್ಲಿ ಹಾಕಿಕೊಂಡು ಹೋದೆ. ಕ್ಯಾನ್ಸರ್ ಡಾಕ್ಟರು ಒಂದೊಂದೇ ಸ್ಟ್ರಿಪ್ ತೆಗೆದು ನೋಡುತ್ತಾ ಪ್ಯಾರಾಕ್ಸಿಟೀನನ್ನು ಪಕ್ಕಕ್ಕೆ ಸರಿಸಿದರು. ಲಿವರ್‌ನ ಸಿವೈಪಿ2ಡಿ6 ಅನ್ನುವ ಕಿಣ್ವ ಟ್ಯಾಮಾಕ್ಸಿಫೆನ್ನನ್ನು ಎಂಡಾಕ್ಸಿಫೆನ್ ಅನ್ನುವ ಹೆಚ್ಚು ಶಕ್ತಿಯ ರೂಪಕ್ಕೆ ತಂದರೇನೇ ಅದಕ್ಕೆ ಪೂರ್ತಿ ಬಲ. ಪ್ಯಾರಾಕ್ಸಿಟೀನ್ ಆ ಕಿಣ್ವಕ್ಕೇ ಅಡ್ಡಗಾಲು ಹಾಕುತ್ತದೆ, ಅದೇ ಗುಂಪಿನ ಫ್ಲೂಆಕ್ಸೆಟಿನ್ ಕೂಡ. ಫಟ್ಟಂತ ನಿಲ್ಲಿಸಬೇಡಿ ಎಂದು ಹಂತಹಂತವಾಗಿ ಇಳಿಸಿ, ಅದರ ಜಾಗಕ್ಕೆ ಆ ಕಿಣ್ವವನ್ನು ಅಷ್ಟಾಗಿ ತಡೆಯದ ವೆನ್ಲಾಫ್ಯಾಕ್ಸಿನ್ 37.5 ಮಿ.ಗ್ರಾಂ ಕೊಟ್ಟರು. ಮೊದಲ ವಾರ ವಾಕರಿಕೆ, ಬಾಯೆಲ್ಲ ಒಣ. ಬಿಟ್ಟುಬಿಡೋಣ ಅನ್ನಿಸಿತ್ತು. ತಿಂಗಳೊಳಗೆ ರಾತ್ರಿಗೆ ಏಳೆಂಟು ಸಲ ಬರುತ್ತಿದ್ದದ್ದು ಮೂರಕ್ಕೆ ಇಳಿಯಿತು. ಪೂರ್ತಿ ಹೋಗಲಿಲ್ಲ.

ಈ ಲೆಕ್ಕ ನಾನು ಇಟ್ಟದ್ದು ಹಾಲಿನ ಕ್ಯಾಲೆಂಡರ್‌ನಲ್ಲಿ, ಬಿಸಿ ಏರಿದಾಗೆಲ್ಲ ಒಂದು ಗೀಟು. ಸಂಜೆ ಕಾಫಿ ಕುಡಿದ ರಾತ್ರಿ ಗೀಟು ಜಾಸ್ತಿ. ಸಂಜೆಯದು ಬಿಟ್ಟೆ. ಬೆಳಗಿನ ಫಿಲ್ಟರ್ ಕಾಫಿಯ ಸುದ್ದಿಗೆ ಯಾರೂ ಬರಕೂಡದು! ನಾದಿನಿ ‘ನ್ಯಾಚುರಲ್’ ಅಂತ ತಂದ ಐಸೋಫ್ಲೇವೋನ್ ಕ್ಯಾಪ್ಸೂಲ್ ಮುಟ್ಟಲಿಲ್ಲ. ಅದು ಗಿಡದಿಂದ ಬಂದ, ಸ್ವಲ್ಪಮಟ್ಟಿಗೆ ಈಸ್ಟ್ರೋಜನ್ನಿನಂತೆ ನಡೆದುಕೊಳ್ಳುವ ವಸ್ತು.

ಕೆಳಗೆ ಒಣಗಿ ಉರಿಯುವುದನ್ನು ಮಾತ್ರ ಎಂಟು ತಿಂಗಳು ಬಾಯಿ ಬಿಡಲಿಲ್ಲ. ಗಂಡನ ಹತ್ತಿರವೂ ತಲೆನೋವಿನ ನೆಪ. ಕೊನೆಗೊಮ್ಮೆ ಬಾಗಿಲ ತನಕ ಹೋದವಳು ತಿರುಗಿ ಬಂದು ಡಾಕ್ಟರಿಗೆ ಹೇಳಿದೆ. ಅರ್ಧ ನಿಮಿಷದಲ್ಲಿ ಚೀಟಿ ಬರೆದರು: ಹಾರ್ಮೋನ್ ಇಲ್ಲದ ಮಾಯಿಶ್ಚರೈಸರ್ ಜೆಲ್, ವಾರಕ್ಕೆ ಮೂರು ಸಲ. ಗಾಂಧಿ ಬಜಾರಿನ ಪರಿಚಯದ ಅಂಗಡಿಯಲ್ಲಿ ಕೇಳಲು ನಾಚಿಕೆಯಾಗಿ ಜಯನಗರಕ್ಕೆ ಆಟೋ ಹಿಡಿದೆ. ಜೆಲ್‌ಗಿಂತ ಆಟೋಗೇ ಜಾಸ್ತಿ ಖರ್ಚಾಯಿತು.