ಮಸಾಲೆ ಬೆಣ್ಣೆ: ಕರಗಿಸಬೇಡಿ, ಮೆತ್ತಗೆ ಮಾಡಿ

ಬೆಳಗಿನ ಲೋಕಲ್ ಹಿಡಿಯಲು ಓಡುವ ಮುಂಬೈ ಮನೆಗಳಲ್ಲಿ ದಿನಾ ಚಟ್ನಿ ರುಬ್ಬುವ ಪುರುಸೊತ್ತು ಎಲ್ಲಿರುತ್ತದೆ? ಫ್ರೀಜರ್‌ನಲ್ಲಿ ಒಂದು ಸುರುಳಿ ಮಸಾಲೆ ಬೆಣ್ಣೆ ಇದ್ದರೆ ತಿಂಡಿಯ ಅರ್ಧ ಚಿಂತೆ ಕಳೆಯುತ್ತದೆ. ಪಾವ್ ಸೀಳಿ ತವಾದ ಮೇಲೆ ಬಿಸಿ ಮಾಡಿ, ಮೇಲೊಂದು ಬಿಲ್ಲೆ ಬೆಣ್ಣೆ ಸವರಿ ಕೊಟ್ಟರೆ ಮಕ್ಕಳು ಮಾತಿಲ್ಲದೆ ತಿನ್ನುತ್ತಾರೆ.

ಹೋಟೆಲಿನವರು ಇದಕ್ಕೆ ಕಾಂಪೌಂಡ್ ಬಟರ್ ಅನ್ನುತ್ತಾರೆ. ಫ್ರೆಂಚರ ಅಡುಗೆಯಲ್ಲಿ ಪಾರ್ಸ್ಲಿ ಸೊಪ್ಪು, ನಿಂಬೆರಸ ಕಲಸಿದ ಬೆಣ್ಣೆಯನ್ನು ಬಿಸಿ ಮಾಂಸ, ಮೀನಿನ ಮೇಲೆ ಇಟ್ಟು ಬಡಿಸುವ ಪದ್ಧತಿ ಹಳೆಯದು. ನಮಗೆ ಪಾರ್ಸ್ಲಿ ಯಾಕೆ? ಮಾಟುಂಗಾ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ, ಕರಿಬೇವು ಬೇಕಾದಷ್ಟು ಸಿಗುತ್ತದಲ್ವಾ!

ಬೆಣ್ಣೆಯ ಹದ

ಅಂಗಡಿಯ ಹಳದಿ ಬೆಣ್ಣೆ ಆಗುತ್ತದೆ, ಡೇರಿಯಲ್ಲಿ ಸಿಗುವ ಲೋಣಿಯೂ, ಅಂದರೆ ಉಪ್ಪಿಲ್ಲದ ಬಿಳಿ ಬೆಣ್ಣೆಯೂ ಆಗುತ್ತದೆ. ಅಮುಲ್‌ನಂಥ ಟೇಬಲ್ ಬಟರ್‌ನಲ್ಲಿ ಉಪ್ಪು ಮೊದಲೇ ಇರುತ್ತದೆ, ಮತ್ತೆ ಹಾಕಬೇಡಿ. ಲೋಣಿಗಾದರೆ 100 ಗ್ರಾಂಗೆ ಕಾಲು ಚಮಚ ಉಪ್ಪು ಸಾಕು.

ಮನೆಯಲ್ಲೇ ಕೆನೆಗೆ ಹೆಪ್ಪು ಹಾಕಿ ಕಡೆದ ಬೆಣ್ಣೆಯ ರುಚಿಗೆ ಸಾಟಿ ಇಲ್ಲ. ಆದರೆ ಅದರಲ್ಲಿ ಮಜ್ಜಿಗೆಯ ಅಂಶ ಉಳಿದರೆ ಬೇಗ ಹುಳಿಯಾಗುತ್ತದೆ. ಐಸ್ ಹಾಕಿದ ನೀರಿನಲ್ಲಿ ಮೂರು ನಾಲ್ಕು ಸಲ ತೊಳೆಯಿರಿ, ನೀರು ತಿಳಿಯಾಗುವವರೆಗೂ ಬಿಡಬೇಡಿ. ಆಮೇಲೆ ತಟ್ಟೆಗೆ ಹಾಕಿ ಮರದ ಚಮಚದಿಂದ ಒತ್ತಿ. ಒತ್ತಿದಂತೆಲ್ಲ ಬೆಣ್ಣೆಯ ಮೈಯಿಂದ ಸಣ್ಣ ಸಣ್ಣ ಹನಿಗಳು ಬೆವರಿನಂತೆ ಹೊರಬರುತ್ತವೆ. ತಟ್ಟೆ ಓರೆ ಮಾಡಿ ಅವನ್ನು ಚೆಲ್ಲಿ, ಮತ್ತೆ ಒತ್ತಿ. ಹನಿ ಬರುವುದು ನಿಂತಾಗ ಬೆಣ್ಣೆ ರೆಡಿ.

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಹದ. ಬೆಣ್ಣೆ ಮೆತ್ತಗಾಗಬೇಕು, ಕರಗಬಾರದು. ಬೆಣ್ಣೆಯೊಳಗೆ ನೀರಿನ ಅಂಶ ತೀರಾ ಸಣ್ಣ ಹನಿಗಳಾಗಿ ಹರಡಿಕೊಂಡಿರುತ್ತದೆ. ಕರಗಿದರೆ ಆ ಜೋಡಣೆ ಒಡೆದುಹೋಗಿ ನೀರು, ಜಿಡ್ಡು ಬೇರೆ ಬೇರೆಯಾಗುತ್ತವೆ. ಫ್ರಿಜ್‌ನಲ್ಲಿಟ್ಟರೂ ಮೊದಲಿನಂತೆ ಆಗುವುದಿಲ್ಲ, ರವೆ ರವೆಯಾಗಿ ಗಟ್ಟಿಯಾಗುತ್ತದೆ. ಹಾಕಿದ ಸೊಪ್ಪೆಲ್ಲ ತಳಕ್ಕಿಳಿಯುತ್ತದೆ. ಮೈಕ್ರೋವೇವ್ ಕಡೆ ಹೋಗಲೇಬೇಡಿ. ಬೆಣ್ಣೆಯನ್ನು ಸಣ್ಣ ತುಂಡು ಮಾಡಿ ತಟ್ಟೆಯಲ್ಲಿ ಹರಡಿ. ಮೇ ತಿಂಗಳ ಮುಂಬೈ ಸೆಕೆಯಲ್ಲಿ ಹತ್ತು ನಿಮಿಷದೊಳಗೇ ಮುಟ್ಟಿ ನೋಡಿ. ಪುಣೆಯ ಡಿಸೆಂಬರ್ ಚಳಿಯಲ್ಲಿ ಇನ್ನೂ ಜಾಸ್ತಿ ಹೊತ್ತು ಬೇಕಾಗಬಹುದು. ಗಡಿಯಾರಕ್ಕಿಂತ ಬೆರಳನ್ನು ನಂಬಿ: ಒತ್ತಿದಾಗ ಗುಳಿ ಬೀಳಬೇಕು, ಬೆಣ್ಣೆ ಹೊಳೆಯಬಾರದು. ಹೊಳಪು ಬಂತೆಂದರೆ ಕರಗಲು ಶುರುವಾಯಿತು ಎಂದರ್ಥ, ತಕ್ಷಣ ಫ್ರಿಜ್‌ಗೆ ಸೇರಿಸಿ.

ಕಲಸುವುದು, ಸುತ್ತುವುದು

ಮೊದಲ ಸಲಕ್ಕೆ ಕೊತ್ತಂಬರಿ ಬೆಣ್ಣೆ ಮಾಡಿ. 100 ಗ್ರಾಂ ಬೆಣ್ಣೆಗೆ ಸಣ್ಣಗೆ ಹೆಚ್ಚಿದ ಕೊತ್ತಂಬರಿ ಎರಡು ದೊಡ್ಡ ಚಮಚ, ಒಂದು ಹಸಿಮೆಣಸಿನಕಾಯಿ, ಅರ್ಧ ನಿಂಬೆಹಣ್ಣಿನ ತುರಿದ ಸಿಪ್ಪೆ, ಒಂದು ಚಮಚ ರಸ. ಸಿಪ್ಪೆಯ ಹಸಿರು-ಹಳದಿ ಭಾಗ ಮಾತ್ರ ತುರಿಯಿರಿ, ಒಳಗಿನ ಬಿಳಿ ಕಹಿ. ಸೊಪ್ಪು ತೊಳೆದ ಮೇಲೆ ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿ, ಆಮೇಲೆ ಹೆಚ್ಚಿ. ಒದ್ದೆ ಸೊಪ್ಪು ಹಾಕಿದರೆ ಬೆಣ್ಣೆ ಬೇಗ ಕೆಡುತ್ತದೆ. ಮೊದಲು ಬೆಣ್ಣೆಯನ್ನಷ್ಟೇ ಫೋರ್ಕಿನಿಂದ ನಾದಿ, ನಯವಾದ ಮೇಲೆ ಉಳಿದದ್ದು ಸೇರಿಸಿ. ನಿಂಬೆರಸ ಮಾತ್ರ ಕೊನೆಗೆ, ಹನಿ ಹನಿಯಾಗಿ. ಒಮ್ಮೆಗೇ ಸುರಿದರೆ ಬೆಣ್ಣೆ ಅದನ್ನು ಹೀರುವುದಿಲ್ಲ, ರಸ ಪಕ್ಕದಲ್ಲಿ ನಿಂತುಬಿಡುತ್ತದೆ.

ಬಟರ್ ಪೇಪರಿನ ಮೇಲೆ ಬೆಣ್ಣೆಯನ್ನು ಉದ್ದಕ್ಕೆ ಇಟ್ಟು ಸುರುಳಿ ಸುತ್ತಿ, ಎರಡೂ ತುದಿ ತಿರುಚಿ. ಎರಡು ಗಂಟೆ ಫ್ರಿಜ್‌ನಲ್ಲಿಟ್ಟರೆ ಬಿಲ್ಲೆ ಕತ್ತರಿಸುವಷ್ಟು ಗಟ್ಟಿಯಾಗುತ್ತದೆ. ಬೆಣ್ಣೆ ಪಕ್ಕದ ವಾಸನೆಯನ್ನು ಬೇಗ ಹಿಡಿಯುತ್ತದೆ. ಅದೇ ಫ್ರಿಜ್‌ನಲ್ಲಿ ಮೀನಿದ್ದರೆ ಸುರುಳಿಯನ್ನು ಸ್ಟೀಲ್ ಡಬ್ಬಿಯೊಳಗೆ ಮುಚ್ಚಿಡಿ.

ಕೈ ಕುದುರಿದ ಮೇಲೆ ಬೇರೆ ರುಚಿಗೆ ಹೋಗಬಹುದು. ನನ್ನ ಮೆಚ್ಚಿನದು ಶೇಂಗಾ ಚಟ್ನಿ ಪುಡಿಯದು. ಊರಿಂದ ಬಂದ ಪುಡಿ ಎರಡು ಚಮಚ ಕಲಸಿ ಬಿಸಿ ದೋಸೆಯ ಮೇಲಿಟ್ಟರೆ ಪುಡಿಯ ಎಣ್ಣೆ, ಬೆಣ್ಣೆ ಎರಡೂ ಒಟ್ಟಿಗೆ ಹರಡುತ್ತವೆ. ಪುಡಿಯಲ್ಲೂ ಉಪ್ಪಿರುತ್ತದೆ, ಆದ್ದರಿಂದ ಇದಕ್ಕೆ ಲೋಣಿಯೇ ಸರಿ. ಮೀನಿಗೆ ಬ್ಯಾಡಗಿ ಖಾರಪುಡಿ ಒಂದು ಚಮಚ, ಕುಟ್ಟಿದ ಕಾಳುಮೆಣಸು ಅರ್ಧ ಚಮಚ, ಮೂರು ಎಸಳು ಬೆಳ್ಳುಳ್ಳಿ. ಬ್ಯಾಡಗಿ ಬಣ್ಣ ಕೊಡುತ್ತದೆ, ಬಾಯಿ ಉರಿಸುವುದಿಲ್ಲ. ಸುರ್ಮಯಿ (ಅಂಜಲ್ ಮೀನು), ಸಿಗಡಿಗೆ ಇದು ಚೆನ್ನ. ಬಂಗುಡೆಗೆ ಬೇಡ, ಅದರಲ್ಲೇ ಸಾಕಷ್ಟು ಜಿಡ್ಡಿದೆ. ಸಿಹಿ ಬೇಕೆಂದರೆ ಉಪ್ಪಿಲ್ಲದ ಬೆಣ್ಣೆಗೆ ಬೆಲ್ಲದ ಪುಡಿ, ಏಲಕ್ಕಿ ಕಲಸಿ ಬಿಸಿ ಚಪಾತಿಗೆ ಸವರಿ.

ಬೆಳ್ಳುಳ್ಳಿಯ ವಿಷಯದಲ್ಲಿ ಮಾತ್ರ ಜಾಗ್ರತೆ. ಗಾಳಿಯಾಡದ ಜಿಡ್ಡಿನೊಳಗೆ ಹಸಿ ಬೆಳ್ಳುಳ್ಳಿ ಬೆಚ್ಚಗೆ ಕೂತರೆ ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ವಾಸನೆಯಲ್ಲಿ ಅದು ಗೊತ್ತಾಗದೇ ಇರಬಹುದು. ಹಾಗಾಗಿ ಬೆಳ್ಳುಳ್ಳಿ ಬೆಣ್ಣೆಯನ್ನು ಹೊರಗಿಡಬೇಡಿ. ಫ್ರಿಜ್‌ನಲ್ಲಿಟ್ಟು ಮೂರು ನಾಲ್ಕು ದಿನದಲ್ಲಿ ಮುಗಿಸಿ, ಉಳಿದದ್ದನ್ನು ಮಾಡಿದ ದಿನವೇ ಫ್ರೀಜರ್‌ಗೆ ಹಾಕಿ. ಕೊತ್ತಂಬರಿಯದೂ ಫ್ರಿಜ್‌ನಲ್ಲಿ ನಾಲ್ಕೈದು ದಿನ, ಫ್ರೀಜರ್‌ನಲ್ಲಿ ಎರಡು ತಿಂಗಳು. ಮೇಲೆ ತಾರೀಕು ಬರೆದಿಡಿ.

ಬಳಸುವಾಗ

ಮಸಾಲೆ ಬೆಣ್ಣೆ ಹುರಿಯುವುದಕ್ಕಲ್ಲ. ಕಾದ ತವಾಕ್ಕೆ ಹಾಕಿದರೆ ಸೊಪ್ಪು ಕರಕಲಾಗುತ್ತದೆ, ಬೆಳ್ಳುಳ್ಳಿ ಕಹಿಯಾಗುತ್ತದೆ. ಮೀನನ್ನು ಎಣ್ಣೆಯಲ್ಲೇ ಹುರಿಯಿರಿ, ಒಲೆ ಆರಿಸಿದ ಮೇಲೆ ಒಂದು ಬಿಲ್ಲೆ ಇಟ್ಟು ಮುಚ್ಚಳ ಮುಚ್ಚಿ. ಪಲ್ಯ, ಬೇಯಿಸಿದ ಆಲೂಗಡ್ಡೆ, ಬಿಸಿ ಅನ್ನಕ್ಕೂ ಹಾಗೆಯೇ, ಬಡಿಸುವ ಮುಂಚೆ. ಮಳೆಗಾಲದಲ್ಲಿ ಕೆಂಡದ ಮೇಲೆ ಸುಟ್ಟ ಭುಟ್ಟಾ (ಮೆಕ್ಕೆಜೋಳದ ತೆನೆ) ಮನೆಗೆ ತಂದರೆ, ಬಿಸಿ ಇರುವಾಗಲೇ ಕೊತ್ತಂಬರಿ ಬೆಣ್ಣೆಯ ಬಿಲ್ಲೆಯನ್ನು ಕಾಳಿನ ಸಾಲಿಗೆ ಉಜ್ಜಿ. ಮತ್ತೆ ನಿಂಬೆಹೋಳು ಹುಡುಕಬೇಕಾಗಿಲ್ಲ.